ನಮ್ಮ ಬೀದಿಯ ಗಂಡಸರು ಮಾಲೆ ಧರಿಸಿದ ವರ್ಷ

ಹೊಸಹಳ್ಳಿ ಮೆಟ್ರೊ ನಿಲ್ದಾಣದಿಂದ ಮಾರೇನಹಳ್ಳಿಯ ಕಡೆಗೆ ಬರುವಾಗ ಸಿಗುವ ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ರೊಟ್ಟಿಯಂಗಡಿ ಇದೆ. ಅದನ್ನು ಉಳಿಸಿದ್ದಕ್ಕಾಗಿ ನಮ್ಮ ಬೀದಿಯ ಗಂಡಸರು ಶಾಲು ಹೊದೆಸಿಕೊಂಡಿದ್ದಾರೆ. ಅದರಲ್ಲೊಂದು ಶಾಲು ನಮ್ಮ ಮನೆಯ ಬೀರುವಿನಲ್ಲೂ ಇದೆ. ಸೀರೆ ತೆಗೆಯಲು ಬೀರು ತೆರೆದಾಗಲೆಲ್ಲ ಅದನ್ನು ಮೂಲೆಗೆ ತಳ್ಳುತ್ತೇನೆ. ಏಕೆಂದು ಕ್ರಮವಾಗಿ ಹೇಳುತ್ತೇನೆ. ಮರೆಯುವ ಅಭ್ಯಾಸ ನನಗಿಲ್ಲ.

ಅಂಗಡಿಯಾಕೆ ಬಾಗಲಕೋಟೆಯ ಕಡೆಯವಳು. ಮಳಿಗೆಯ ಹಿಂಬದಿಯ ಕೋಣೆಯಲ್ಲಿ ಅವಳ ಸಂಸಾರ, ಮುಂದೆ ಒಲೆ. ಮಧ್ಯಾಹ್ನ ಡೆಲಿವರಿ ಹುಡುಗರು ಬೈಕು ನಿಲ್ಲಿಸಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ನಿಂತೇ ಉಣ್ಣುತ್ತಾರೆ. ಕಟ್ಟಡದ ಮಾಲೀಕರು ಹಳೆಯ ಊರಿನ ಗೌಡರ ಮನೆತನದವರು. ಅವರ ರಾಗಿ ಹೊಲಗಳಿದ್ದ ಜಾಗದಲ್ಲಿಯೇ ನಾವೆಲ್ಲ ಮನೆ ಕಟ್ಟಿಕೊಂಡಿರುವುದು. ಆ ವರ್ಷ ದಸರೆ ಮುಗಿದ ಮೇಲೆ ಅವರು ಆಕೆಗೆ ಜಾಗ ಬಿಡಲು ಹೇಳಿದರು. ಅಲ್ಲಿ ಬಾರ್ ಬರಲಿತ್ತು. ಬೀದಿಯ ನಿವಾಸಿಗಳ ಸಂಘ ಅಬಕಾರಿ ಇಲಾಖೆಗೆ ಆಕ್ಷೇಪಣೆ ಬರೆದರೆ ಪರವಾನಗಿ ನಿಲ್ಲುವ ಸಂಭವವಿತ್ತು. ಬರೆಯದಿದ್ದರೆ ಆಕೆ ಒಲೆಯ ಸಮೇತ ಬೀದಿಪಾಲಾಗುವುದು ಖಚಿತವಾಗಿತ್ತು.

"ಅಮ್ಮಾರ, ನೀವು ಸಾಲ್ಯಾಗ ಕಲಿಸಿದವರು. ನಿಮ್ಮ ಯಜಮಾನ್ರು ಸಂಘದ ಕಾರ್ಯದರ್ಶಿ ಅದಾರ. ಒಂದ್ ಮಾತ್ ಹೇಳ್ರೀ," ಎಂದಳು.

ಹೇಳಿದೆ. ನನ್ನ ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಗೌಡ್ರು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕೊಡಿಸ್ತಾ ಇದಾರೆ ಕಣೇ. ಮೊನ್ನೆ ಕೆಂಗೇರಿ ಆಚೆ ತೋಟದಲ್ಲಿ ಬಾಡೂಟ ಬೇರೆ ಹಾಕಿಸಿದ್ರು. ಉಂಡ ಬಾಯಲ್ಲಿ ಹೆಂಗೆ ಬೇಡ ಅನ್ನೋದು?"

ಮದುವೆಯಾದಂದಿನಿಂದ ನನ್ನ ಕೈಯಡುಗೆ ಉಂಡ ಬಾಯಿಗೆ ಇಂಥ ಋಣಪ್ರಜ್ಞೆ ಒಂದು ದಿನವೂ ಮೂಡಿದ್ದಿಲ್ಲ.

ಹೆಂಗಸರೆಲ್ಲ ನಮ್ಮ ತಾರಸಿಯ ಮೇಲೆ ಸೇರಿದೆವು. ಅಡುಗೆ ನಿಲ್ಲಿಸೋಣ ಎಂದು ಯಾರೋ ಹೇಳಿದರು. ಎದುರುಮನೆಯಲ್ಲಿ ಬ್ಲೌಸ್ ಹೊಲಿಯುವಾಕೆ ಒಪ್ಪಲಿಲ್ಲ. "ಅಡುಗೆ ನಿಲ್ಲಿಸಿದ್ರೆ ಫೋನ್ ಒತ್ತಿ ಬಿರಿಯಾನಿ ತರಿಸ್ಕೊಂಡು ತಿಂತಾರೆ, ಹಬ್ಬ ಅವ್ರಿಗೆ. ಫೋನಲ್ಲಿ ತರಿಸ್ಕೊಳ್ಳೋಕೆ ಆಗ್ದೇ ಇರೋದನ್ನ ನಿಲ್ಲಿಸ್ಬೇಕು ಆಂಟಿ."

ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ನಗು ನಿಂತ ಮೇಲೆ ಒಬ್ಬೊಬ್ಬರಾಗಿ ಒಪ್ಪಿದರು: ಆಕ್ಷೇಪಣೆಗೆ ಸಹಿ ಬೀಳುವವರೆಗೆ ಗಂಡನ ಹಾಸಿಗೆಗೆ ಹೋಗುವುದಿಲ್ಲ. ಮೂರನೆಯ ಮನೆಯ ಹೊಸ ಸೊಸೆ ನನ್ನ ಕಡೆ ತಿರುಗಿ, "ಆಂಟಿ, ನೀವು ಸುಮ್ನೆ ನಮ್ಮ ಜೊತೆ ನಿಂತ್ರೆ ಸಾಕು," ಎಂದಳು. ನಾನೂ ಸೇರಿದ್ದೇನೆ ಎಂದೆ. ಅವರು ಮತ್ತೆ ನಕ್ಕರು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ.

ದೇವಸ್ಥಾನದ ಸಭಾಂಗಣದಲ್ಲಿ ಸಂಘದ ಸಭೆ ನಡೆದಾಗ, ಹಿರಿಯಳೆಂದು ನಾನೇ ಎದ್ದುನಿಂತು ಈ ನಿರ್ಧಾರವನ್ನು ತಿಳಿಸಿದೆ. ಒಂದು ಶಬ್ದವೂ ಹೊಲಸಾಗದಂತೆ, ತರಗತಿಯಲ್ಲಿ ಪಾಠ ಹೇಳಿದಂತೆ ಹೇಳಿದೆ. ಗಂಡಸರ ಮುಖಗಳು ಸಪ್ಪಗಾದವು. ಕೆಲವರು ನೆಲ ನೋಡಿದರು. ಗೆದ್ದೆವೆಂದೇ ನಾನು ಭಾವಿಸಿದ್ದೆ. ಆಗ ವೇದಿಕೆಯಲ್ಲಿದ್ದ ನನ್ನ ಯಜಮಾನರು ಮೈಕಿಗೆ ಬಾಯಿಟ್ಟರು.

"ನಮ್ಮ ಮನೇಲಿ ಈ ಸ್ಟ್ರೈಕ್ ಶುರುವಾಗಿ ಯಾವ್ದೋ ಕಾಲ ಆಯ್ತು ಬಿಡ್ರಪ್ಪಾ!"

ಸಭಾಂಗಣ ಬಿದ್ದುಬಿದ್ದು ನಕ್ಕಿತು. "ಸೂಪರ್ ಸಾರ್!" ಎಂದು ಹಿಂದಿನಿಂದ ಒಬ್ಬ ಕೂಗಿದ. ನನ್ನ ಪಕ್ಕದಲ್ಲಿದ್ದ ಹೆಂಗಸರೂ ನಗು ತಡೆಯಲಾರದೆ ತಲೆ ತಗ್ಗಿಸಿದರು.

ಅದು ಸುಳ್ಳು. ಈ ವಯಸ್ಸಿನಲ್ಲಿ ಗಂಡಹೆಂಡಿರ ನಡುವೆ ಏನು ಉಳಿದಿರುತ್ತದೆ ಎಂದು ನಕ್ಕವರಿಗೆ ತಿಳಿಯದು. ಅವರಿಗೆ ತಿಳಿಸುವ ಅಗತ್ಯವೂ ಇರಲಿಲ್ಲ. ಉಳಿದದ್ದು ಉಳಿದಿತ್ತು. ಒಂದೇ ಮಂಚವಿತ್ತು. ನಾನು ಯಾರ ಮುಂದೆಯೂ ಬಾಯಿ ಬಿಡದೆ ಕಾಪಾಡಿಕೊಂಡಿದ್ದ ಆ ಮರ್ಯಾದೆಯನ್ನು ಅವರು ಒಂದು ಚಪ್ಪಾಳೆಗೆ ಮಾರಿದರು.

ಮುಷ್ಕರವಂತೂ ಶುರುವಾಯಿತು. ವಾರ ತುಂಬುವಷ್ಟರಲ್ಲಿ ಗಂಡಸರು ಸಿಡಿಮಿಡಿಗುಟ್ಟತೊಡಗಿದ್ದರೆಂದು ಬ್ಲೌಸಿನಾಕೆ ವರದಿ ತಂದಳು. ಕಾರ್ತಿಕ ಮಾಸ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಾಲಿಗೆಂದು ಹೊರಗೆ ಬಂದರೆ, ಬೀದಿಯ ಗಂಡಸರೆಲ್ಲ ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ಮಾಲೆ, ಹಣೆಯಲ್ಲಿ ಗಂಧ, ಬರಿಗಾಲಲ್ಲಿ ನಿಂತಿದ್ದರು. ಒಟ್ಟಾಗಿ ಹೋಗಿ ಶಬರಿಮಲೆಯ ಮಾಲೆ ಧರಿಸಿ ಬಂದಿದ್ದರು. ಇನ್ನು ಯಾತ್ರೆ ಮುಗಿಯುವವರೆಗೆ ಬ್ರಹ್ಮಚರ್ಯ, ಚಾಪೆಯ ಮೇಲೆ ನಿದ್ದೆ.

ಬ್ಲೌಸಿನಾಕೆಯ ಗಂಡ ನನ್ನನ್ನು ಕಂಡು ಕೈ ಅಡ್ಡ ಹಿಡಿದ. "ಆಂಟಿ, ಸ್ವಲ್ಪ ದೂರ ನಿಂತು ಮಾತಾಡಿ, ವ್ರತದಲ್ಲಿದೀವಿ. ಈಗ ಬೇಡ ಅಂದಿರೋದು ನಾವು, ನೀವಲ್ಲ!"

ಭಕ್ತಿಯಿಂದ ಮಾಲೆ ಧರಿಸಿದವರನ್ನು ನಾನು ಕಂಡಿದ್ದೇನೆ. ನಮ್ಮ ತಂದೆಯೂ ಅಂಥವರಲ್ಲೊಬ್ಬರು. ಇವರು ಧರಿಸಿದ್ದು ಹೆಂಡಿರ ಕೈಯಿಂದ ಒಂದು 'ಇಲ್ಲ'ವನ್ನು ಕಿತ್ತುಕೊಳ್ಳಲು. ನಾವು ದೂರವಿದ್ದಾಗ ಲಜ್ಜೆಗೆಟ್ಟವರೆನಿಸಿದ್ದೆವು. ಅದನ್ನೇ ಅವರು ಮಾಡಿದಾಗ ಕಾಲು ಮುಟ್ಟಿಸಿಕೊಂಡರು. ಚಳಿಯಲ್ಲಿ ಅವರ ಸ್ನಾನದ ಮೊದಲೇ ಹೆಂಗಸರು ಎದ್ದು, ಮಿಂದು, ಮಡಿಯಲ್ಲಿ ಅಡುಗೆ ಮಾಡಿ, 'ಸ್ವಾಮಿ' ಎಂದು ಕರೆದು ಬಡಿಸಬೇಕಾಯಿತು. ಮುಟ್ಟಾದವರು ಮನೆಯಲ್ಲಿ ಇರುವಂತಿಲ್ಲವೆಂದು ಹೊಸ ಸೊಸೆಯನ್ನು ತವರಿಗೆ ಸಾಗಹಾಕಿದರು. ನನ್ನ ಯಜಮಾನರೂ ಮಾಲೆ ಹಾಕಿಕೊಂಡು ಬಂದು, ಬಾಗಿಲಲ್ಲಿ ನಿಂತು ಪಾದ ಮುಂದಿಟ್ಟರು.

"ಸ್ವಾಮಿಗೆ ನಮಸ್ಕಾರ ಮಾಡಲ್ವೇನೇ?"

"ಸ್ವಾಮಿ ಎಲ್ಲಿದಾರೆ ತೋರ್ಸಿ, ಮಾಡ್ತೀನಿ," ಎಂದು ಒಳಗೆ ಹೋದೆ.

ಅತ್ತ ಅಂಗಡಿಯಾಕೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ್ದಳು. ಅದನ್ನು ನೋಡುತ್ತ ನಿಂತಾಗ, ಜಾಣರೆಂದುಕೊಂಡ ಈ ಗಂಡಸರು ಮರೆತ ಒಂದು ಸಂಗತಿ ನನಗೆ ಹೊಳೆಯಿತು. ಮಾಲೆ ಹಾಕಿಸಿಕೊಂಡವನು ಗುರುಸ್ವಾಮಿಯ ಮಾತಿಗೆ ಒಳಪಟ್ಟವನು. ಯಾತ್ರೆಗೆ ಹೊರಡುವ ದಿನ ಇರುಮುಡಿಯ ಗಂಟನ್ನು ತಲೆಯ ಮೇಲೆ ಇಡುವವನು ಅವನೇ. ಅವನು ಇಡದಿದ್ದರೆ ಯಾತ್ರೆಯಿಲ್ಲ.

ಮೆಟ್ರೊ ಹತ್ತಿ ನಾಯಂಡಹಳ್ಳಿಗೆ ಹೋದೆ. ಗುರುಸ್ವಾಮಿಗೆ ಅಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿತ್ತು. ನಡೆದುದನ್ನೆಲ್ಲ ಹೇಳಿದೆ. ಮುಷ್ಕರದ ಮಾತು ಬಂದಾಗ ಅವನು ಮುಖ ತಿರುಗಿಸಿದ. "ಈ ವಯಸ್ಸಲ್ಲಿ ಇಂಥ ಮಾತು ಆಡ್ಬಾರ್ದಮ್ಮ." ರೊಟ್ಟಿಯಾಕೆಯ ಗತಿ ಹೇಳಿದರೆ ಆಕಳಿಸಿದ. ಬಾರ್ ಎಂದೊಡನೆ ಮಾತ್ರ ನೆಟ್ಟಗೆ ಕುಳಿತ.

"ಮಾಲೆ ಹಾಕ್ಕೊಂಡೋರು ಬಾರ್‌ಗೆ ಒಪ್ಪಿದಾರಾ? ನನ್ನ ಗುಂಪಿನ ಹೆಸರು ಏನಾಗ್ಬೇಕು?"

ನನ್ನೆದುರಿಗೇ ಫೋನ್ ಮಾಡಿ ನನ್ನ ಯಜಮಾನರಿಗೆ ಹೇಳಿದ: "ಸ್ವಾಮಿ, ಕುಡಿಯೋ ಅಂಗಡಿ ತರೋ ತಲೆ ಮೇಲೆ ನಾನು ಇರುಮುಡಿ ಇಡಲ್ಲ. ಎಲ್ಲಾ ಸ್ವಾಮಿಗಳಿಗೂ ಹೇಳ್ಬಿಡಿ."

ಸಹಿಗಳು ಸಾಲುಗಟ್ಟಿ ಬಿದ್ದವು. ಹೆಂಡಿರ ಮಾತಿಗೆ ಒಂದೂ ಬಿದ್ದಿರಲಿಲ್ಲ, ರೊಟ್ಟಿಯಾಕೆಯ ಕಣ್ಣೀರಿಗೂ ಬಿದ್ದಿರಲಿಲ್ಲ. ಪರವಾನಗಿ ನಿಂತಿತು. ಗೌಡರು ಮುಖ ಗಂಟಿಕ್ಕಿಕೊಂಡು ಆಕೆಯನ್ನು ಇರಲು ಬಿಟ್ಟರು. ಸಂಕ್ರಾಂತಿ ಕಳೆದ ಮೇಲೆ ಅದೇ ಸಭಾಂಗಣದಲ್ಲಿ, ವ್ರತನಿಷ್ಠೆಯಿಂದ ಬೀದಿಯನ್ನು ಉಳಿಸಿದ ಮಹನೀಯರೆಂದು ಗಂಡಸರಿಗೆ ಶಾಲು ಹೊದೆಸಿದರು. ಹೆಂಗಸರಿಗೆ ಅರಿಶಿನ ಕುಂಕುಮ ಮತ್ತು ರವಿಕೆ ಕಣ. ಬ್ಲೌಸಿನಾಕೆ ಕಣವನ್ನು ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಒಂದು ತೋಳೂ ಬರಲ್ಲ ಆಂಟಿ," ಎಂದಳು. ಆಕೆಯ ಮುಷ್ಕರ ಅಷ್ಟರಲ್ಲಿ ಮುಗಿದಿತ್ತು. ಉಳಿದ ಹೆಂಗಸರದೂ ಮುಗಿದಿತ್ತು.

ನನ್ನ ಯಜಮಾನರು ಮನೆಗೆ ಬಂದು ಶಾಲು ಮಡಿಸಿಟ್ಟು, "ಗೆದ್ರಲ್ಲ, ಇನ್ನೇನು?" ಎಂದರು.

"ಆ ಸಭೇಲಿ ಹೇಳಿದ್ದನ್ನ ಸುಳ್ಳು ಅಂತ ಅದೇ ಸಭೇಲಿ ಹೇಳಿ," ಎಂದೆ.

ಅವರು ಬೆಚ್ಚಿದರು. "ಏನಂತ ಹೇಳ್ಲೇ? ನಾವು ಒಟ್ಟಿಗೇ ಮಲಗ್ತಿದ್ವಿ ಅಂತಾನಾ? ಜನ ನಗಲ್ವಾ?"

"ಆವತ್ತು ನಗಲಿಲ್ವಾ?"

ಅವರು ಮಡಿಸಿದ ಶಾಲನ್ನು ಬೀರುವಿಗೆ ಸೇರಿಸಿದರು. ಆ ಮಾತನ್ನು ಸಭೆಯಲ್ಲಿ ಈವರೆಗೂ ಹೇಳಿಲ್ಲ. ನಾನು ಹೊರಕೋಣೆಯಲ್ಲಿ ದಿವಾನದ ಮೇಲೆ ಮಲಗುತ್ತೇನೆ.

ಸಂಜೆಯ ಹೊತ್ತು ಅವರು ರೊಟ್ಟಿಯಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. "ಈ ಅಂಗಡಿ ಉಳಿಸಿದ್ದು ನಾವು ಕಣ್ರೋ," ಎಂದು ಡೆಲಿವರಿ ಹುಡುಗರಿಗೆ ಹೇಳುತ್ತಾರೆ. ಹುಡುಗರು ತಿನ್ನುತ್ತ ತಲೆಯಾಡಿಸುತ್ತಾರೆ. ಮೊನ್ನೆ ನಾನು ರೊಟ್ಟಿ ಕೊಳ್ಳಲು ಹೋದಾಗಲೂ ಅದೇ ಭಾಷಣ ನಡೆದಿತ್ತು. ಅಂಗಡಿಯಾಕೆ ರೊಟ್ಟಿ ಕಟ್ಟುತ್ತ ಅವರ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದಳು.

"ಅಮ್ಮಾರ, ನಿಮ್ದು ಇನ್ನೂ ಮುಗಿದಿಲ್ಲೇನ್ರೀ?"

"ಇಲ್ಲ."

"ಮುಗಸಬ್ಯಾಡ್ರೀ," ಎಂದಳು ಆಕೆ. ಮುಂದಿನ ಹಿಟ್ಟಿನ ಉಂಡೆಯನ್ನು ಎತ್ತಿ ಬಡಿಯತೊಡಗಿದಳು. ಆ ಸದ್ದಿನಲ್ಲಿ ಅವರ ಭಾಷಣ ಕೇಳಿಸಲಿಲ್ಲ.