ಬಾಬುಸಾಬ ಕೈ ತೊಳೆದ ಗಾಡಿ

ತಿಕೋಟಾದ ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ರಾಕ್ಷಿ ತೋಟದ ಪಕ್ಕದ ಬಯಲಿನಲ್ಲಿ ನಿಂತ ಹಳೇ ಲಾರಿಯ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಒಳಗಿನಿಂದ ಟಣ್ ಟಣ್ ಸದ್ದು. ಬಾಬುಸಾಬರು ಅಂಗಾತ ಮಲಗಿ, ಲಾರಿಯ ಬೆನ್ನೆಲುಬಾದ ಚಾಸಿಯನ್ನು ಬೋಲ್ಟು ಬಿಚ್ಚುವ ಪಾನಾದಿಂದ ಬಡಿಯುತ್ತ, ಒಂದೊಂದು ಏಟಿಗೂ ಕಿವಿಗೊಡುತ್ತಿದ್ದಾರೆ. ಮಾರುವವನು ಬೇವಿನ ಕಡ್ಡಿ ಜಗಿಯುತ್ತ ಆ ಕಡೆ, ಕೊಳ್ಳುವವನು ಮಫ್ಲರ್ ಸುತ್ತಿಕೊಂಡು ಈ ಕಡೆ.

ಒಂದು ಕಡೆ ಟಣ್ ಅನ್ನುವುದು ಡಬ್ ಎನ್ನುತ್ತದೆ. ಬಾಬುಸಾಬರು ಹೊರಗೆ ಜಾರಿ, ಮೊಣಕಾಲು ಹಿಡಿದು ಎದ್ದು, ಇಬ್ಬರ ಎದುರಿಗೇ ಹೇಳಿಬಿಡುತ್ತಾರೆ: "ಬ್ಯಾಡ್ರಿ. ಚಾಸಿ ಮುರದಿತ್ತು, ಬೆಸಗಿ ಹಾಕಿ ಮ್ಯಾಲ ಬಣ್ಣ ಬಳದಾರ. ಲೋಡ್ ಹಾಕಿದ್ರ ಘಾಟಿನ್ಯಾಗ ಕೈ ಕೊಡ್ತೈತಿ."

ಮಾರುವವನ ಮುಖ ಹುಳ್ಳಗಾಗುತ್ತದೆ. "ಏನ್ರಿ ಸಾಬ್ರ, ನಮ್ಮ ಬಾಗಲಿಗೆ ಬಂದು ಹಿಂಗ ಮುಖಕ್ಕ ಹೊಡದಂಗ ಹೇಳೂದಾ?" ಎಂದು ರೇಗುತ್ತಾನೆ.

"ಮೊದಲ ಹೇಳ್ತಿರಲಿಲ್ಲ ತಮ್ಮಾ. ಹೇಳದ ಏನಾತು ಅಂತ ನೋಡೀನಿ," ಎಂದು ಬಾಬುಸಾಬರು ಪಾನಾ ಚೀಲಕ್ಕೆ ಹಾಕುತ್ತಾರೆ. ಬೈಸಿಕೊಳ್ಳುವುದು ಅವರಿಗೀಗ ರೂಢಿಯಾಗಿದೆ.

ವಿಜಯಪುರದ ಸುತ್ತ ಹಳೇ ಲಾರಿ ಕೊಳ್ಳಹೊರಟವರು ಮೊದಲು ಹುಡುಕುವುದು ಈ ಬಾಬುಸಾಬರನ್ನೇ. ಅಂಗಡಿ ಇಲ್ಲ, ಬೋರ್ಡು ಇಲ್ಲ, ಅರವತ್ತು ದಾಟಿದ ಮೈಯಲ್ಲಿ ಮಾಂಸವೂ ಅಷ್ಟಕ್ಕಷ್ಟೇ. ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಕೇಳಿದರೆ ಸಾಕು, ಯಾರಾದರೂ ಕರೆದುಕೊಂಡು ಬರುತ್ತಾರೆ. ಕ್ಲೀನರ್ ಆಗಿ ಲಾರಿ ಹತ್ತಿದವರು, ಫಿಟ್ಟರ್ ಆಗಿ ಗ್ಯಾರೇಜಿನಲ್ಲಿ ಮೈ ಸುಟ್ಟುಕೊಂಡವರು, ಕಡೆಗೆ ಬೇರೆಯವರ ಪರವಾಗಿ ಗಾಡಿ ನೋಡುವವರಾದರು. ಗಾಡಿ ನೋಡುವುದೆಂದರೆ ಸುಮ್ಮನೆ ಕಣ್ಣಿನಿಂದ ನೋಡುವುದಲ್ಲ. ಕಾರ್ಖಾನೆಯವರು ಚಾಸಿಯ ಮೇಲೆ ಹೊಡೆದ ನಂಬರನ್ನು ಬೆರಳಿನಿಂದ ಸವರುತ್ತಾರೆ. ಉಜ್ಜಿ ಬೇರೆ ನಂಬರು ಹೊಡೆದಿದ್ದರೆ ಅಲ್ಲಿ ಕಬ್ಬಿಣ ತಗ್ಗಾಗಿರುತ್ತದಂತೆ. ಹುಟ್ಟಿನಿಂದ ಬಂದ ರಿವೆಟ್ ಇದ್ದಲ್ಲಿ ಬೋಲ್ಟು ಕಂಡರೆ ಹುಬ್ಬು ಗಂಟಿಕ್ಕುತ್ತದೆ. ಬಾಗಿಲಿಗೆ ಅಯಸ್ಕಾಂತ ಹಿಡಿಯುತ್ತಾರೆ. ಅಂಟದೆ ಜಾರಿದರೆ ಒಳಗೆ ತಗಡಿಲ್ಲ, ಬರೀ ಮೆತ್ತಿದ ಪುಟ್ಟಿ ಲೇಪ!

"ಮನ್ಯಾಗ ಉಪ್ಪು ತೀರೇತಿ ಅಂತ ಹತ್ತ ಸಲ ಒದರಿದ್ರೂ ಇವರಿಗೆ ಕೇಳಂಗಿಲ್ಲ. ಲಾರಿ ಒಳಗಿನ ಬಿರುಕು ಮಾತ್ರ ಕೇಳ್ತೈತಿ ನೋಡ್ರಿ," ಎಂದು ಹೆಂಡತಿ ಇಮಾಮಬಿ ನಗುತ್ತಾರೆ. ಬಾಬುಸಾಬರು ನಗುವುದಿಲ್ಲ. ಕಳೆದ ಬೇಸಿಗೆಯಿಂದ ಅವರು ನಕ್ಕದ್ದೇ ಕಡಿಮೆ.

ಅಲ್ಲಿಯವರೆಗೆ ಅವರದೊಂದು ಪದ್ಧತಿ ಇತ್ತು. ಗಾಡಿ ಹೇಗಿದೆ ಎಂದು ಬಾಯಿ ಬಿಟ್ಟು ಹೇಳುತ್ತಲೇ ಇರಲಿಲ್ಲ. ಮಾರುವವನ ಅಂಗಳದಲ್ಲಿ ನಿಂತು, ಅವನ ಹೆಂಡತಿ ಮಕ್ಕಳ ಎದುರಿಗೆ, ನಿನ್ನ ಗಾಡಿ ಸರಿಯಿಲ್ಲ ಅನ್ನುವುದಾದರೂ ಹೇಗೆ? ನಾಳೆ ಅವನ ಮುಖವನ್ನೂ ನೋಡಬೇಕಲ್ಲ! ಅದಕ್ಕೇ ಗಾಡಿ ಚೊಲೋ ಇದ್ದರೆ ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಂಡು ಚಹಾ ಕೇಳುತ್ತಿದ್ದರು. ಬೇಡವಾಗಿದ್ದರೆ ನೀರು ಇಸಿದುಕೊಂಡು ಕೈ ತೊಳೆಯುತ್ತಿದ್ದರು. ಕೊಳ್ಳುವವನು ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದ. ಯಾರಿಗೂ ನೋವಿಲ್ಲ, ನಿಷ್ಠುರವಿಲ್ಲ. ಜಿಲ್ಲೆಯ ಲಾರಿ ಮಂದಿಗೆಲ್ಲ ಈ ಗುಟ್ಟು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಜೈನಾಪುರದ ಗುರುಬಸವ್ವನಿಗೆ.

ಗುರುಬಸವ್ವನ ಗಂಡ ಗುರುಪಾದಯ್ಯನವರು ತೀರಿಕೊಂಡು ವರ್ಷಗಳೇ ಆಗಿದ್ದವು. ಊರಿಗೆಲ್ಲ ಅವರು 'ಅಯ್ಯಾರು'. ಮೂತಿ ಮುಂದೆ ಚಾಚಿದ ಹಳೇ ಕಾಲದ ಲಾರಿಯೊಂದನ್ನು ಬಿಟ್ಟು ಹೋಗಿದ್ದರು. ಮಿಲಿಟರಿ ಹರಾಜಿನಲ್ಲಿ ತಂದದ್ದು, ಒಂದು ಬೋಲ್ಟೂ ಬದಲಾಗಿಲ್ಲ ಎಂದು ಬದುಕಿದ್ದಷ್ಟು ದಿನವೂ ಹೇಳಿಕೊಂಡವರು. ಊರ ಮಂದಿ ಹೂಂ ಅಂದು ಹಿಂದೆ ತಿರುಗಿ ನಗುತ್ತಿದ್ದರಂತೆ. ಮಗ ಸಿದ್ದಲಿಂಗೇಶನಿಗೆ ಆ ಜಾಗದಲ್ಲಿ ಕೋಣೆ ಕಟ್ಟಬೇಕಿತ್ತು. ಇತ್ತ ವಿಜಯಪುರದಲ್ಲಿ ಹೋಟೆಲು ನಡೆಸುವ ಸತೀಶಕುಮಾರ ಅವರಿಗೆ ಬಾಗಿಲ ಮುಂದೆ ನಿಲ್ಲಿಸಲು ಅಂಥದೇ ಒಂದು ಗಾಡಿ ಬೇಕಿತ್ತು. ಈಗ ಅದೇ ಶೋಕಿ ಅಲ್ಲವೇ! ಅವರು ಬಾಬುಸಾಬರನ್ನು ಕಾರಿನಲ್ಲಿ ಕೂರಿಸಿಕೊಂಡು ಜೈನಾಪುರಕ್ಕೆ ಹೋದರು.

"ಅಂಥಾ ಗಾಡಿ ನಾ ಮತ್ತ ನೋಡಿಲ್ರಿ," ಎನ್ನುತ್ತಾರೆ ಬಾಬುಸಾಬರು. "ಉಗುರಲೆ ಬಣ್ಣ ಕೆರದೆ. ಕೆಂಪು, ಅದರ ಬುಡಕ ನೀಲಿ, ಎಲ್ಲಾದರ ಬುಡಕ ಮಿಲಿಟರಿ ಹಸಿರು! ನಂಬರು ಹೊಡದದ್ದು ಹೊಡದಂಗ ಐತಿ. ರಿವೆಟ್ ಒಂದೂ ಅಳ್ಳಾಡಿಲ್ಲ. ಅಯ್ಯಾರು ಹೇಳಿದ್ದು ಅಕ್ಷರ ಅಕ್ಷರ ಖರೇ ಇತ್ರಿ."

ಆ ಖುಷಿಯಲ್ಲಿ ಮೈಮರೆತು ನಿಂತಿದ್ದಾಗಲೇ ಗುರುಬಸವ್ವ ತಂಬಿಗೆ ಹಿಡಿದು ಬಂದರು. "ಸಾಬ್ರ, ಹೊತ್ತಾಗೇತಿ. ಕೈ ತೊಳ್ಕೋರಿ, ರೊಟ್ಟಿ ಬಡದೀನಿ, ಉಂಡ ಹೋಗ್ರಿ." ಹಿರಿಯ ಹೆಣ್ಣುಮಗಳು ನೀರು ಹಿಡಿದು ನಿಂತಾಗ ಬೇಡ ಅನ್ನುವ ಮನುಷ್ಯ ಈ ಸೀಮೆಯಲ್ಲಿ ಹುಟ್ಟಿಲ್ಲ. ಬಾಬುಸಾಬರು ಬೊಗಸೆ ಒಡ್ಡಿದರು. ಮುಗಿಯಿತು ಕಥೆ.

ಸತೀಶಕುಮಾರ ಕಾರಿನ ಹತ್ತಿರದಿಂದಲೇ ನೋಡಿದರು. "ನೀವು ಉಂಡ ಬರ್ರಿ, ನಂಗ ಅರ್ಜೆಂಟ್ ಕೆಲಸ ಐತಿ," ಎಂದು ಹೊರಟೇಬಿಟ್ಟರು. ಮುಂಗಡ ತರಲು ಹೋದರೆಂದುಕೊಂಡು ಬಾಬುಸಾಬರು ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ಹೊಡೆದರು, ಇನ್ನೊಂದು ಹಾಕಿಸಿಕೊಂಡರು! ಸಂಜೆ ಬಸ್ಸಿಳಿದು ಹೋಟೆಲಿಗೆ ಹೋದ ಮೇಲೇ ವಿಷಯ ತಿಳಿದದ್ದು. ಗಾಡಿ ಬಂಗಾರದಂಥದ್ದು, ಬಿಡಬೇಡಿ ಎಂದು ಗೋಗರೆದರು.

"ಮುಂಜಾನೆ ಕೈ ತೊಳದ್ರಿ, ಸಂಜಿಗೆ ಬಂಗಾರ ಅಂತೀರಿ. ನಡುವ ಏನು ತಿಂದ್ರಿ ಸಾಬ್ರ?" ಎಂದರು ಸತೀಶಕುಮಾರ.

"ರೊಟ್ಟಿ ತಿಂದೀನ್ರಿ," ಎಂದರು ಬಾಬುಸಾಬರು. ನಿಜವನ್ನೇ ಹೇಳಿದ್ದರು ಪಾಪ, ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವರ ಬದುಕಿಗೆ ಇದ್ದ ಒಂದೇ ಆಸ್ತಿ ಅವರ ಮಾತು. ಅದು ಎರಡಾಯಿತೆಂದು ತಿಳಿದ ಮೇಲೆ ಯಾರು ಕೇಳುತ್ತಾರೆ?

ಸುದ್ದಿಗೆ ಕಾಲು ಬಂತು. ಆಮೇಲೆ ಜೈನಾಪುರಕ್ಕೆ ಗಾಡಿ ನೋಡಲು ಹೊರಟವರನ್ನೆಲ್ಲ ದಾರಿಯ ಬಬಲೇಶ್ವರದಲ್ಲೇ ತಡೆದು, "ಅದಾ? ಬಾಬುಸಾಬ ಕೈ ತೊಳೆದ ಗಾಡಿ ಅದು" ಎಂದು ಹೇಳಿ ಕಳಿಸುವವರು ಹುಟ್ಟಿಕೊಂಡರು. ಬಾಬುಸಾಬರು ಇದ್ದಬದ್ದವರ ಹತ್ತಿರ ಹೋಗಿ ಅಂಗಲಾಚಿದರು. ಒಬ್ಬರೂ ಮನಸ್ಸು ಮಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಲಿಂಗೇಶ ಬೇಸತ್ತು ಗುಜರಿಯವರನ್ನು ಕರೆಸಿದ. ಅವರು ಗ್ಯಾಸ್ ಕಟರ್ ಹಚ್ಚಿ ಅಂಗಳದಲ್ಲೇ ತುಂಡು ತುಂಡು ಮಾಡಿ ಹೇರಿಕೊಂಡು ಹೋದರು. ಈ ಸೀಮೆಯಲ್ಲಿ ಗುಜರಿಗೆ ಭಂಗಾರ ಅನ್ನುತ್ತಾರೆ. "ಬಂಗಾರದಂಥಾ ಗಾಡಿ ಭಂಗಾರಕ್ಕ ಹೋತ್ರಿ," ಎಂದು ಬಾಬುಸಾಬರು ಕೈ ಹಿಸುಕಿಕೊಳ್ಳುತ್ತಾರೆ. ನಂಬರು ಹೊಡೆದ ತುಂಡಾದರೂ ಸಿಕ್ಕೀತೆಂದು ಗುಜರಿ ಅಂಗಡಿಗೆ ಓಡಿದ್ದರು. ಮಾಲು ಆಗಲೇ ಕರಗಿಸಲು ಹೋಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಸಂಕಟ ಒಂದೇ ಆಗುತ್ತಿತ್ತು. ಬಬಲೇಶ್ವರದ ಸಂತೆಯಲ್ಲಿ ಗುರುಬಸವ್ವ ಎದುರಾಗಿ, "ಗಾಡ್ಯಾಗ ಏನ್ ದೋಷ ಇತ್ತರಿ ಸಾಬ್ರ?" ಎಂದು ಕೇಳಿಯೇ ಬಿಟ್ಟರು. ನೀವು ಕೊಟ್ಟ ನೀರೇ ಕಾರಣ ಎಂದು ಆ ಮುಖ ನೋಡಿ ಹೇಳುವುದು ಹೇಗೆ? "ಚಾಸಿ ಬ್ಯಾರೇದು ಇತ್ರಿ ಅಮ್ಮಾರ," ಎಂದುಬಿಟ್ಟರು ಬಾಬುಸಾಬರು. ಗಾಡಿಯ ವಿಷಯದಲ್ಲಿ ಅವರು ಆಡಿದ ಮೊದಲ ಸುಳ್ಳು ಅದು.

"ಹಂಗಾರ ನಮ್ಮವರಿಗೆ ಯಾರೋ ಮೋಸ ಮಾಡಿ ಕೊಟ್ಟಿದ್ರು ಅನ್ರಿ," ಎಂದ ಗುರುಬಸವ್ವ ಸೆರಗು ಎಳೆದುಕೊಂಡು ನಡೆದರು. ಸಂತೆಯ ಮಾತು ಊರು ಮುಟ್ಟಿ ತಮಾಷೆ ಶುರುವಾಯಿತು. ಅಯ್ಯಾರು ಜನ್ಮವೆಲ್ಲ ಡೂಪ್ಲಿಕೇಟ್ ಗಾಡಿ ಹೊಡೆದು ಮಿಲಿಟರಿ ಅಂತ ಬಡಾಯಿ ಕೊಚ್ಚಿದರೆಂದು ಹುಡುಗರೂ ಆಡಿಕೊಂಡರು. ಗಂಡನ ಹೆಸರು ಬಂದರೆ ಮಾತು ನಿಲ್ಲಿಸದ ಗುರುಬಸವ್ವ ಆ ಹೆಸರೆತ್ತುವುದನ್ನೇ ಬಿಟ್ಟರು. ಇದು ಕಿವಿಗೆ ಬಿದ್ದ ಮರುದಿನವೇ ಬಾಬುಸಾಬರು ಜೈನಾಪುರಕ್ಕೆ ಹೋಗಿ, ಒಳಗೂ ಕಾಲಿಡದೆ, ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದರು. ನೀರಿನದನ್ನೂ ಹೇಳಿದರು.

ಮುದುಕಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಬಾಬುಸಾಬರು.

"ನಂಗಷ್ಟ ಹೇಳಿದ್ರ ಏನ್ ಬಂತ್ರಿ? ಊರ ಕಟ್ಟಿಗೆ ಹೋಗಿ ಹೇಳ್ರಿ," ಎಂದರು ಗುರುಬಸವ್ವ.

ಹೋದರು. ಊರ ನಡುವಿನ ಕಟ್ಟೆಯ ಮೇಲೆ ಕುಳಿತವರ ಎದುರು ನಿಂತು, ಗಾಡಿ ಖರೇ ಇತ್ತು, ತಪ್ಪು ನನ್ನದು ಎಂದರು. ಕಟ್ಟೆಯ ಮೇಲಿದ್ದ ರೇವಪ್ಪ ಎಂಬವರು ಎಲೆಯಡಿಕೆ ಉಗುಳಿ ಬಂದು, "ಹೌದಾ? ಎಲ್ಲೈತಿ ಗಾಡಿ, ತೋರಸ್ರಿ ನೋಡೋಣು," ಎಂದರು. ಬಾಬುಸಾಬರ ಹತ್ತಿರ ತೋರಿಸಲು ಏನಿತ್ತು?

ಅಂದಿನಿಂದ ಅವರು ಬಾಯಿ ಬಿಟ್ಟೇ ಹೇಳುತ್ತಾರೆ, ಯಾರು ಬೈದರೂ ಸರಿಯೇ. ತಿಕೋಟಾದಿಂದ ಮರಳುವ ಬಸ್ಸು ಕಾಯುತ್ತ ನಿಂತಾಗಲೂ ಗ್ರೀಸು ಮೆತ್ತಿದ ಬೆರಳು ತಿಕ್ಕಿಕೊಳ್ಳುತ್ತಿದ್ದಾರೆ. ಈ ಬರಹದ ಜೊತೆ ಪೇಪರಿಗೆ ಒಂದು ಫೋಟೋ ಬೇಕಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ನನ್ನ ಫೋಟೋ ತಗೊಂಡು ಏನ್ ಮಾಡ್ತೀರಿ? ನನ್ನ ಹೆಸರು ಬಿಟ್ರೂ ನಡೀತೈತಿ. ಜೈನಾಪುರದಾಗ ಕಟ್ಟಿ ಮ್ಯಾಲ ಪೇಪರ್ ಜೋರಲೆ ಓದ್ತಾರ್ರಿ, ಅಮ್ಮಾರ ಮನಿ ತನಕಾ ಕೇಳ್ತೈತಿ. ಅಯ್ಯಾರು ಮೋಸ ಹೋಗಿರಲಿಲ್ಲ ಅಂತ ಅದೊಂದು ಬರೀರಿ."