ವೇದವತಿಯ ಮಾಡು ಮತ್ತು ಷರತ್ತು ಏಳು

ವೇದವತಿಯ ಮನೆಗೆ ಕಾಲಿಂಗ್ ಬೆಲ್ ಇಲ್ಲ. ಇತ್ತು, ಅವರೇ ಬಿಚ್ಚಿಸಿ ಇಟ್ಟರು. ಈ ಪರದೇಶದ ಪುಚೊಂಗ್‌ನ ಆ ಸಾಲುಮನೆಗಳ ಓಣಿಯಲ್ಲಿ ಹೊಸಬರು ಯಾರಾದರೂ ಅವರ ಗೇಟು ಬಡಿದರೆ ಒಳಗಿನಿಂದ ಓಡಿಬಂದು, ತುಟಿಯ ಮೇಲೆ ಬೆರಳಿಟ್ಟು, ಏನು ಬೇಕಿತ್ತು ಎಂದು ಪಿಸುಗುಡುತ್ತಾರೆ. ಮಟಮಟ ಮಧ್ಯಾಹ್ನ ಹೀಗೆ ಪಿಸುಗುಡುವ ಹೆಂಗಸನ್ನು ಕಂಡ ಗ್ಯಾಸಿನವನು, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಟೋಪಿ ತೆಗೆದಿದ್ದನಂತೆ.

ತೀರಿಕೊಂಡವರು ಯಾರೂ ಇಲ್ಲ. ಮಹಡಿಯಲ್ಲಿ ಅವರ ಗಂಡ ರಮಾನಂದ ಮಲಗಿರುತ್ತಾರೆ. ಮಲಗಿರುತ್ತಾರೆ ಎನ್ನುವುದಕ್ಕಿಂತ, ನಿದ್ದೆ ಬರಲಿ ಎಂದು ಹೊರಳಾಡುತ್ತಿರುತ್ತಾರೆ ಎನ್ನಬೇಕು. ಆರು ವರ್ಷದಿಂದ ಸೈಬರ್‌ಜಾಯಾದ ಒಂದು ಕಂಪನಿಯಲ್ಲಿ ಅವರಿಗೆ ರಾತ್ರಿ ಪಾಳಿ. ಅಮೆರಿಕದವರ ಕಂಪ್ಯೂಟರು ಅಲ್ಲಿ ಹಗಲು ಕೆಟ್ಟರೆ ಇವರು ಇಲ್ಲಿ ರಾತ್ರಿ ಕೂತು ಸರಿಮಾಡಬೇಕು. ಸಂಜೆ ಏಳಕ್ಕೆ ಕಾರು ಹತ್ತಿದರೆ ಬೆಳಿಗ್ಗೆ ಏಳಕ್ಕೆ ಮನೆ. ಎರಡು ದೋಸೆ ತಿಂದು ಎಂಟಕ್ಕೆ ಮೇಲೆ ಹೋಗುತ್ತಾರೆ. ಹತ್ತೂವರೆಗೆ ಹಂಚು ಕಾಯುತ್ತದೆ. ಹನ್ನೆರಡಕ್ಕೆ ಆ ಕೋಣೆಯ ಗೋಡೆಗೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಾಗುತ್ತದೆ. ಏಸಿ ಇದೆ. ಅದು ಮಧ್ಯಾಹ್ನ ಬರೀ ಗುರ್ ಎನ್ನುತ್ತದೆ, ಮೇಲಿನಿಂದ ಇಳಿಯುವ ಬಿಸಿಗೆ ಅದರ ಆಟ ನಡೆಯುವುದಿಲ್ಲ. ಕೆಳಗೆ ಮಲಗೋಣವೆಂದರೆ ಕೆಳಗೆ ಇರುವುದು ಒಂದು ಹಜಾರ, ಅದಕ್ಕಂಟಿದ ಅಡಿಗೆಮನೆ. ಅಲ್ಲಿ ವೇದವತಿ ದಿನಾ ಚಕ್ಕುಲಿ, ಕೋಡುಬಳೆ ಕರಿದು ಬ್ರಿಕ್‌ಫೀಲ್ಡ್ಸ್‌ನ ಒಂದು ಅಂಗಡಿಗೆ ಕೊಡುತ್ತಾರೆ. ಎಣ್ಣೆ ಹೊಗೆಯಲ್ಲಿ ಮನುಷ್ಯ ಮಲಗಲಾರ.

ನಾನು ಅಲ್ಬಿನಾ, ಹಿಂದಿನ ಓಣಿಯವಳು, ಮಂಗಳೂರಿನವಳು. ವಿಮಾ ಕಂಪನಿಯೊಂದರಲ್ಲಿ ಕ್ಲೇಮ್ ಫಾರಂಗಳನ್ನು ನೋಡುವುದು ನನ್ನ ಹೊಟ್ಟೆಪಾಡು. ಜನ ಎಲ್ಲಿ ತಪ್ಪಿದ್ದಾರೆ ಎಂದು ಹುಡುಕಿ ಹುಡುಕಿ ನನ್ನ ಸ್ವಭಾವವೂ ಸ್ವಲ್ಪ ಕೆಟ್ಟಿದೆ. ಒಪ್ಪಿಕೊಳ್ಳುತ್ತೇನೆ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ರಮಾನಂದರ ಕಾರು ಹೆದ್ದಾರಿಯ ನಡುವಿನ ಕಟ್ಟೆಗೆ ಉಜ್ಜಿಕೊಂಡು ಹೋಯಿತು. ಕಣ್ಣು ಮುಚ್ಚಿದ್ದು ಎರಡೇ ಸೆಕೆಂಡು ಅಂತ ಅವರು. ಬಂಪರು ಮಾತ್ರ ಹೋಗಿತ್ತು, ಮನುಷ್ಯನಿಗೆ ಏನೂ ಆಗಿರಲಿಲ್ಲ. ಅಂದಿನಿಂದ ವೇದವತಿ ಬೆಳಿಗ್ಗೆ ಆರೂ ಮುಕ್ಕಾಲಿಗೆ ಗೇಟಿಗೆ ಬಂದು ನಿಲ್ಲತೊಡಗಿದರು. ಕಾರು ತಿರುವಿನಲ್ಲಿ ಕಾಣುವವರೆಗೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಏಳೂ ಹತ್ತಾದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನಾನು ಎಲ್‌ಆರ್‌ಟಿ ಹಿಡಿಯಲು ಅದೇ ದಾರಿಯಲ್ಲಿ ಹೋಗುವವಳು. ಎಷ್ಟೋ ದಿನ ಅವರ ಜೊತೆ ನಿಂತು, ಒಂದು ಟ್ರೈನು ಬಿಟ್ಟು, ಕಾರು ಬಂದ ಮೇಲೆಯೇ ಹೋಗಿದ್ದೇನೆ.

ಹೀಗಿರುವಾಗ ಆ ವರ್ಷ ಸರ್ಕಾರದ ಒಂದು ಯೋಜನೆ ಬಂತು. ಮನೆಯ ಮಾಡಿಗೆ, ಎಂದರೆ ಛಾವಣಿಗೆ, ಬಿಸಿ ತಡೆಯುವ ಹಾಸು ಹಾಕಿಸಿದರೆ ಅರ್ಧ ಖರ್ಚು ವಾಪಸ್. ಹಾಸು ಎಂದರೆ ರಾಕ್‌ವೂಲ್: ಕಲ್ಲಿನ ನಾರಿನ ದಪ್ಪ ಹಾಸಿಗೆ, ಒಂದು ಮೈಗೆ ಬೆಳ್ಳಿ ಬಣ್ಣದ ಹಾಳೆ. ಹಂಚಿಗೂ ಸೀಲಿಂಗಿಗೂ ನಡುವೆ ಅದನ್ನು ಹಾಸಿದರೆ ಬಿಸಿ ಕೆಳಗಿಳಿಯುವುದಿಲ್ಲ. ನಾನೇ ಓದಿ ಹೇಳಿದೆ. ಒಟ್ಟು ಒಂಬತ್ತು ಷರತ್ತು. ಮಾಡು ಇಡೀ ಮುಚ್ಚಬೇಕು. ನೋಂದಾಯಿತ ಕಂಟ್ರಾಕ್ಟರೇ ಆಗಬೇಕು. ಏಳನೆಯದು: ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಕೆಲಸ ಶುರುವಾಗಿದ್ದರೆ ರಿಬೇಟು ಇಲ್ಲ.

"ಆಯ್ತು ಕಣ್ರೀ, ಪತ್ರ ಬರೋ ತನಕ ಕೆಲಸದವರನ್ನ ಕರೆಸೋಲ್ಲ," ಎಂದರು ವೇದವತಿ.

ಅರ್ಜಿ ಹಾಕಿದೆವು. ಸೀಲಿಂಗಿನ ಮೇಲಿನ ಜಾಗದ ಫೋಟೋಗಳನ್ನು ಎರಡು ವಾರದೊಳಗೆ ಕಳಿಸಬೇಕಿತ್ತು. ಕಂಟ್ರಾಕ್ಟರ್ ಕದಿರೇಸನ್ ಬಂದು ಅಳತೆ ತೆಗೆದುಕೊಂಡ. ಸಭ್ಯ ಮನುಷ್ಯ, ಮೆಲ್ಲಗೆ ಮಾತಾಡುತ್ತಾನೆ. ಆ ಮನೆಗೆ ಹೇಳಿಮಾಡಿಸಿದವನು.

ಅಷ್ಟರಲ್ಲಿ ವೇದವತಿ ಮೈಸೂರಿನಿಂದ ತರಿಸಿದ ಪಂಚಾಂಗ ತೆರೆದರು. ಮುಂದಿನ ವಾರವೇ ಆಷಾಢ. ಆಷಾಢದಲ್ಲಿ ಮನೆಯ ಕೆಲಸಕ್ಕೆ ಕೈಹಾಕಬಾರದು. ಅದು ಮುಗಿಯುವ ಹೊತ್ತಿಗೆ ಯೋಜನೆಯ ಗಡುವೂ ಮುಗಿಯುತ್ತದೆ.

"ನಮ್ಮ ತಮಿಳರ ಆಡಿ ಮಾಸಕ್ಕೆ ಇನ್ನೂ ಮೂರು ವಾರ ಇದೆ ಅಕ್ಕಾ," ಎಂದ ಕದಿರೇಸನ್.

"ಅದು ನಿಮ್ಮದಪ್ಪ," ಎಂದರು ವೇದವತಿ. ಅದಕ್ಕೆ ಅವರೇ ದಾರಿಯನ್ನೂ ಕಂಡುಕೊಂಡರು. ನಮ್ಮಲ್ಲಿ ಎಲ್ಲರೂ ಮಾಡುವ ದಾರಿಯೇ. ಒಳ್ಳೆಯ ದಿನ ನೋಡಿ ಪೂಜೆ ಮಾಡಿ, ಶಾಸ್ತ್ರಕ್ಕೆ ಒಂದು ಇಟ್ಟಿಗೆ ಇಟ್ಟುಬಿಟ್ಟರೆ ಕೆಲಸ ಶುರುವಾದಂತೆ. ಆಮೇಲೆ ನಿಧಾನಕ್ಕೆ ಮುಂದುವರಿಸಿದರೂ ದೋಷವಿಲ್ಲ. ಇಲ್ಲಿ ಇಟ್ಟಿಗೆಯ ಬದಲು ಒಂದು ಹಾಸು.

ಜ್ಯೇಷ್ಠದ ಕೊನೆಯ ಶುಕ್ರವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮುಹೂರ್ತ. ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಕದಿರೇಸನ್ ಒಂದು ರಾಕ್‌ವೂಲ್ ಹಾಸು ತಂದಿದ್ದ. ಅದರ ಬೆಳ್ಳಿ ಮೈಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಎತ್ತಿದರು. ರಮಾನಂದ ಕೆಂಪು ಕಣ್ಣು ಬಿಟ್ಟುಕೊಂಡು ಕಾಯಿ ಒಡೆದರು. ಕದಿರೇಸನ್ ಏಣಿ ಹತ್ತಿ, ಸೀಲಿಂಗಿನ ಬಾಗಿಲು ಸರಿಸಿ, ಅವರು ಮಲಗುವ ಕೋಣೆಯ ಮೇಲೆಯೇ ಅದನ್ನು ಹಾಸಿ ಇಳಿದ. ಸಜ್ಜಪ್ಪ ಬಿಸಿಬಿಸಿ ಇತ್ತು. ಮೂರು ತಿಂದೆ. ಹೇಗೂ ಏಣಿ ಇದೆಯಲ್ಲ ಎಂದು ನಾನೇ ಮೇಲೆ ಹತ್ತಿ, ಬೇಕಾದ ನಾಲ್ಕು ಫೋಟೋ ತೆಗೆದು, ಅಲ್ಲೇ ನಿಂತು ಅಪ್‌ಲೋಡ್ ಮಾಡಿದೆ. ಇಪ್ಪತ್ತಮೂರು ವರ್ಷ ಜನರ ಫಾರಂಗಳಲ್ಲಿ ಹುಳುಕು ಹುಡುಕಿದವಳು ನಾನು. ಕಣ್ಣೆದುರಿಗೆ ಕುಂಕುಮ ಹಚ್ಚಿಕೊಂಡು ಮಲಗಿದ್ದ ಹುಳುಕು ನನಗೆ ಕಾಣಲಿಲ್ಲ.

ಹತ್ತು ದಿನಕ್ಕೆ ಇಮೇಲ್ ಬಂತು. ಮೂರನೆಯ ಫೋಟೋದಲ್ಲಿ ಹೊಸ ಹಾಸು ಕಾಣುತ್ತಿದೆ, ಕೆಲಸ ಶುರುವಾಗಿದೆಯೇ ಎಂದು ಪರಿಶೀಲಿಸಲು ಬುಧವಾರ ಬರುತ್ತೇವೆ. ಸಂಜೆ ಹೋಗಿ ಹೇಳಿದೆ. ತಪ್ಪು ನನ್ನದಾದರೂ ಬೈದದ್ದು ವೇದವತಿಯನ್ನೇ.

"ಎಂತ ಮಾರಾಯ್ರೇ ನೀವು! ಷರತ್ತು ಏಳು ಓದಿ ಹೇಳಿದ್ದೆನಲ್ಲ?"

"ಅದು ಕೆಲಸ ಅಲ್ವಲ್ರೀ, ಪೂಜೆ," ಎಂದರು. ಹಿಟ್ಟಿನ ಪಾತ್ರೆ ಹತ್ತಿರ ಎಳೆದುಕೊಂಡು, "ಆದ್ರೆ ಕೆಲಸ ಶುರು ಆಗಲಿ ಅಂತಾನೇ ಪೂಜೆ ಮಾಡಿದ್ದು," ಎಂದು ತಮಗೆ ತಾವೇ ಹೇಳಿಕೊಂಡರು.

ಕದಿರೇಸನ್‌ಗೆ ಫೋನ್ ಮಾಡಿದೆ. ಅವನು ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಸಲೀಸಾಗಿ ಹೇಳಿದ, "ಅದು ಸ್ಯಾಂಪಲ್ ಅಂತ ಹೇಳಿ ಲಾ. ನಾನು ತೋರಿಸೋಕೆ ಇಟ್ಟು ಹೋಗಿದ್ದು. ಮುಗೀತು." ನನಗೂ ಅದೇ ಸರಿ ಎನಿಸಿತು. ಪೂರ್ತಿ ಸುಳ್ಳೂ ಅಲ್ಲ. ರಮಾನಂದರೂ ಬೇಡವೆನ್ನಲಿಲ್ಲ. ವೇದವತಿ ಮಾತ್ರ ಹಿಟ್ಟು ನಾದುತ್ತಲೇ ಇದ್ದರು.

ಬುಧವಾರ ನಾನು ಮತ್ತೆ ರಜೆ ಹಾಕಿದ್ದೆ, ಕದಿರೇಸನ್ ಕೂಡ ಬಂದಿದ್ದ. ಹನ್ನೊಂದಕ್ಕೆ ಪರಿಶೀಲನೆಗೆ ಬಂದದ್ದು ನೋರ್ಲಿಜಾ ಎಂಬ ಮೂವತ್ತರ ಒಳಗಿನ ಹುಡುಗಿ. ತಲೆಗೆ ತಿಳಿನೀಲಿ ಸ್ಕಾರ್ಫ್, ಕೈಯಲ್ಲಿ ಟ್ಯಾಬ್ಲೆಟ್. ಗೇಟಿನಲ್ಲೇ ವೇದವತಿ ತುಟಿಗೆ ಬೆರಳಿಟ್ಟದ್ದು ನೋಡಿ ಅವಳೂ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಮೆಟ್ಟಿಲು ಹತ್ತಿದಳು. ರಮಾನಂದರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅವರು ಒದ್ದೆ ಟವೆಲನ್ನು ಎದೆಯ ಮೇಲೆ ಹರಡಿಕೊಂಡು ಮಲಗಿದ್ದರು, ಕಣ್ಣು ತೆರೆದೇ ಇತ್ತು. ನೋರ್ಲಿಜಾ ತಟ್ಟನೆ ಮುಖ ತಿರುಗಿಸಿದಳು. ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿ, ಹಣೆಯ ಬೆವರು ಒರೆಸಿಕೊಳ್ಳುತ್ತ ಇಳಿದಳು.

ಅವಳಿಗೆ ಅರ್ಥವಾಗಿತ್ತು ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಕೆಳಗೆ ಬಂದು ಅವಳು ಕೇಳಿದ್ದೇ ಹೀಗೆ:

"ಆಂಟಿ, ಆ ಒಂದು ಪೀಸ್... ಅದು ಸ್ಯಾಂಪಲ್, ಅಲ್ವಾ?"

ಬಾಗಿಲು ಅವಳೇ ತೆರೆದಿಟ್ಟಿದ್ದಳು. ದಾಟುವುದಷ್ಟೇ ಬಾಕಿ. ಕದಿರೇಸನ್ ಆಗಲೇ ತಲೆಯಾಡಿಸತೊಡಗಿದ್ದ. ನಾನು ವೇದವತಿಯ ಕೈಯನ್ನು ಚಿವುಟಿದೆ.

"ಅಲ್ಲಮ್ಮ," ಎಂದರು ವೇದವತಿ ತಮ್ಮ ಹರುಕು ಇಂಗ್ಲಿಷಿನಲ್ಲಿ. "ಸ್ಯಾಂಪಲ್ ಅಲ್ಲ. ವರ್ಕ್ ಸ್ಟಾರ್ಟ್. ಶುಕ್ರವಾರ ಒಂಬತ್ತೂ ಹತ್ತಕ್ಕೆ. ಪ್ರೇಯರ್ ಮಾಡಿ ಸ್ಟಾರ್ಟ್ ಮಾಡಿದ್ದು."

ನೋರ್ಲಿಜಾ ಅದನ್ನೇ ಟ್ಯಾಬ್ಲೆಟಿನಲ್ಲಿ ಬರೆದುಕೊಂಡಳು. "ಹಾಗಾದರೆ ನಾನು ಏನೂ ಮಾಡೋಕಾಗಲ್ಲ, ಆಂಟಿ," ಎಂದಳು. ಸಹಿ ಮಾಡಿಸಿಕೊಂಡಳು. ಹೋಗುವಾಗ ವೇದವತಿ ಅವಳ ಕೈಗೆ ಒಂದು ಪ್ಯಾಕೆಟ್ ಚಕ್ಕುಲಿ ಕೊಡಲು ಹೋದರು. ಕೆಲಸದ ಮೇಲೆ ಬಂದವರು ತೆಗೆದುಕೊಳ್ಳುವಂತಿಲ್ಲ ಎಂದು ಎರಡೂ ಕೈ ಮುಗಿದು ಹೊರಟಳು. ಅವಳ ಕಣ್ಣು ಅಷ್ಟೇನೂ ಒಣಗಿರಲಿಲ್ಲ.

ನನಗೆ ಉರಿದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ವಿಧಿಯನ್ನು ಬೈಯಬಹುದು. ಇವರು ತುತ್ತನ್ನು ತಾವೇ ತಟ್ಟೆಗೆ ವಾಪಸ್ ಹಾಕಿದ್ದರು.

"ಗಂಡನ ಜೀವಕ್ಕಿಂತ ಹೆಚ್ಚಾ ನಿಮ್ಮ ಸತ್ಯ?" ಎಂದೆ. ಹೇಳಬಾರದ ಮಾತು. ಹೇಳಿ ಆಗಿತ್ತು.

ಅವರು ಸಿಟ್ಟಾಗಲಿಲ್ಲ. "ಅವರ ಜೀವಕ್ಕೇ ಅಲ್ವಾ ಅಲ್ಬಿನಾ ಆ ಪೂಜೆ ಮಾಡಿದ್ದು? ದೇವರ ಹತ್ರ ಶುರು ಆಯ್ತು ಅಂತ ಹೇಳಿ, ಆ ಹುಡುಗಿ ಹತ್ರ ಶುರು ಆಗಿಲ್ಲ ಅಂದ್ರೆ, ಇಬ್ಬರಲ್ಲಿ ಒಬ್ಬರಿಗೆ ಮೋಸ ಮಾಡಿದ ಹಾಗಾಗಲ್ವಾ?" ಆಮೇಲೆ ಅತ್ತರು. ಸದ್ದು ಮಾಡದೆ ಅಳುವುದೂ ಅವರಿಗೆ ಅಭ್ಯಾಸವಾಗಿತ್ತು. ಬೈದವಳು ನಾನು, ಪಕ್ಕದಲ್ಲಿ ಕೂತು ಬೆನ್ನು ಸವರಿದವಳೂ ನಾನೇ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ಸಿಕ್ಕಾಗ ಅವರ ಮುಖ ಬೇರೆಯಾಗಿತ್ತು. ಕಾರು ಬಂದು ನಿಂತ ಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿದರು.

"ಇಡೀ ಮಾಡು ಮುಚ್ಚಬೇಕು ಅನ್ನೋದು ಯಾರ ಷರತ್ತು?"

"ಯೋಜನೆಯದ್ದು."

"ಯೋಜನೆಯೇ ಇಲ್ಲ ಅಂದ್ಮೇಲೆ ಷರತ್ತು ಎಲ್ಲಿಂದ ಬಂತು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ. ನಮ್ಮವರ ಹಾಸಿಗೆ ಇರೋದು ಒಂದೇ ರೂಮಲ್ಲಿ ಕಣ್ರೀ."

ಮೂರು ವಾರದಿಂದ ನಾವು ಇಡೀ ಮಾಡಿನ ಅಳತೆ, ಇಡೀ ಮಾಡಿನ ಖರ್ಚು, ಅದರ ಅರ್ಧ ಎಂದು ತಲೆ ಕೆಡಿಸಿಕೊಂಡಿದ್ದೆವು. ರಿಬೇಟಿನ ಆಸೆಗೆ ಬಿದ್ದ ಮೇಲೆ, ಬೇಕಾದದ್ದು ಒಬ್ಬ ಮನುಷ್ಯನ ನಿದ್ದೆ ಎಂಬುದೇ ಮರೆತುಹೋಗಿತ್ತು. ಒಂದು ಕೋಣೆಗೆ ಹಾಕಿಸಲು ಅವರ ಚಕ್ಕುಲಿಯ ದುಡ್ಡೇ ಸಾಕಾಗುತ್ತಿತ್ತು. ಷರತ್ತುಗಳನ್ನು ಬಾಯಿಪಾಠ ಮಾಡಿದ್ದ ನನಗೆ ಈ ಬುದ್ಧಿ ಬರಲಿಲ್ಲ ಎಂದು ನಾಚಿಕೆಯಾಯಿತು.

"ಆಷಾಢ ಬಂದಾಯ್ತಲ್ಲ?" ಎಂದು ಕೆಣಕಿದೆ.

"ಶುರು ಆಗಿದೆಯಲ್ರೀ. ಮುಂದುವರಿಸೋಕೆ ಆಷಾಢದ ಅಡ್ಡಿ ಇಲ್ಲ," ಎಂದು ಅವರು ನಗತೊಡಗಿದರು.

ಭಾನುವಾರ ಕದಿರೇಸನ್ ಬಂದು ಮೂರು ಗಂಟೆಯಲ್ಲಿ ಕೆಲಸ ಮುಗಿಸಿದ. ಪೂಜೆಯ ಹಾಸನ್ನು ಇದ್ದಲ್ಲೇ ಬಿಟ್ಟು ಅದರ ಅಕ್ಕಪಕ್ಕಕ್ಕೆ ಉಳಿದವನ್ನು ಸೇರಿಸುತ್ತ ಹೋದ. ಒಂದು ಕೋಣೆಯ ಕೆಲಸವೆಂದು ಮುಖ ಸಣ್ಣದು ಮಾಡಲಿಲ್ಲ.

ಸೋಮವಾರ ಸಂಜೆ ಆರೂವರೆಗೆ ನಾನು ಆಫೀಸಿನಿಂದ ಬಂದು, ಮಾಮಕ್ ತಿಂಡಿ ಅಂಗಡಿಯಿಂದ ತಪಾವ್ ಮಾಡಿ, ಎಂದರೆ ಕಟ್ಟಿಸಿಕೊಂಡು, ತಂದ ರೊಟ್ಟಿ ಬಿಚ್ಚುತ್ತಿದ್ದೆ. ವೇದವತಿಯ ಫೋನ್ ಬಂತು. ಅದೇ ಪಿಸುದನಿ.

"ಅಲ್ಬಿನಾ, ಇವರು ಇನ್ನೂ ಎದ್ದಿಲ್ಲ."

ರೊಟ್ಟಿ ಅಲ್ಲೇ ಬಿಟ್ಟು ಎದ್ದೆ. "ಉಸಿರಾಡ್ತಾ ಇದ್ದಾರಲ್ಲ ಮಾರಾಯ್ರೇ?"

"ಗೊರಕೆ ಹೊಡೀತಿದಾರೆ! ಬೆಳಿಗ್ಗೆ ಎಂಟಕ್ಕೆ ಮಲಗಿದವರು. ಏಳಕ್ಕೆ ಹೊರಡಬೇಕು. ಎಬ್ಬಿಸೋಕೆ ಮೂರು ಸಲ ಹೋದೆ. ಮನಸ್ಸೇ ಬರಲಿಲ್ಲ."

"ಹಾಗಾದ್ರೆ ಅವರ ಬಾಸಿಗೆ ಫೋನ್ ಮಾಡಿ. ಹುಷಾರಿಲ್ಲ, ಲೇಟಾಗಿ ಬರ್ತಾರೆ ಅಂತ ಹೇಳಿ."

"ಈಗಷ್ಟೇ ಮಾಡಿದೆ. ಮೈ ಹಸ್ಬೆಂಡ್ ಈಸ್ ಸ್ಲೀಪಿಂಗ್ ಅಂದೆ. ಆಯಪ್ಪ ನಕ್ಕು, ಲೆಟ್ ಹಿಮ್ ಸ್ಲೀಪ್ ಅಂದ."

"ಅಲ್ಲ, ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಯಾಕೆ ಹಾಗೆ ಹೇಳಲಿ ಅಲ್ಬಿನಾ," ಎಂದರು ವೇದವತಿ, ಈ ಸಲ ಪಿಸುಗುಡದೆ. "ಆರು ವರ್ಷದಲ್ಲಿ ಅವರು ಹುಷಾರಾಗಿರೋದು ಇವತ್ತೇ ಮೊದಲು."