ಫೋನಿಗೂ ರೊಟ್ಟಿಗೂ ಒಂದೇ ವಿಮರ್ಶೆ

ಗೆಳೆಯರೇ, ಪವಾಯಿಯ ನಮ್ಮ ಮನೆಗೆ ರೊಟ್ಟಿ ಮಾಡಲು ಬರುವ ವಿಜಯಪುರದ ಕಸ್ತೂರಿ ಇವತ್ತು ತಮ್ಮ ಹೊಸ ಫೋನನ್ನು ಡಬ್ಬಿ ಸಮೇತ ತಂದರು.

"ಅಕ್ಕಾರ, ರಿವ್ಯೂ ಚಲೋ ಇಲ್ಲ, ವಾಪಸ್ ಕೊಡು ಅಂತಾಳ್ರಿ ಮಗಳು. ಕೊಡಾಕ ಇವತ್ತ ಕಡೀ ದಿನ."

ಇಂಗ್ಲಿಷ್ ವಿಮರ್ಶೆ ಓದಿ ಹೇಳಿದೆ: "ಎಲ್ಲ ಸರಿಯಾಗಿದೆಯಂತೆ. ಆದರೆ ಹೋದ ವರ್ಷದ ಫೋನಿಗಿಂತ ಹೊಸದೇನೂ ಇಲ್ಲವಂತೆ. ಐದಕ್ಕೆ ಮೂರು ಸ್ಟಾರ್."

"ಇದನ್ನ ಬರದಾಂವ ದಿನಾ ಹೊಸಾ ಹೊಸಾ ಫೋನ್ ನೋಡಾಂವೇನ್ರಿ?"

"ಹೌದು, ಅದೇ ಕೆಲಸ."

"ಹಂಗಾರ ಅಂವನೂ ನಿಮ್ಮಂಗ ಬಿಡ್ರಿ. ಬಂದ ಮಂದಿ ನನ್ನ ರೊಟ್ಟಿ ಇನ್ನೊಂದ ಹಾಕ್ರಿ ಅಂತಾರ. ದಿನಾ ತಿನ್ನೋ ನೀವು 'ಪರವಾಗಿಲ್ಲ' ಅಂತೀರಿ."

ಫೋನ್ ಉಳಿಯಿತು. ನಾನು ಯೋಚನೆಗೆ ಬಿದ್ದೆ. ಊಟದ ಹೊತ್ತಿಗೆ ರೊಟ್ಟಿಯನ್ನು ಬಾಯ್ತುಂಬ ಹೊಗಳಿದೆ.

ಕಸ್ತೂರಿ ಅನುಮಾನದಿಂದ ನೋಡಿದರು. "ನಾಳೆ ಎಷ್ಟು ಮಂದಿ ಊಟಕ್ಕ ಬರೋರದಾರ್ರಿ?"